ಗೋಬರ್ ಗ್ಯಾಸಿನಲ್ಲಿ ಮೀಥೇನ್ ಹೆಚ್ಚಿಸುವ ಸೂಕ್ಷ್ಮಜೀವಿಗಳು ಮತ್ತು ಖನಿಜಗಳು

ಗಾಳಿಯಾಡದ ಗುಂಡಿಯಲ್ಲಿ ಹೆಂಡಿ ಕೊಳೆತು ಅನಿಲವಾಗುವುದು ನಾಲ್ಕು ಹಂತಗಳಲ್ಲಿ. ಮೊದಲ ಗುಂಪಿನ ಬ್ಯಾಕ್ಟೀರಿಯಾ ನಾರು, ಪಿಷ್ಟಗಳನ್ನು ಒಡೆಯುತ್ತವೆ. ಎರಡನೆಯವು ಹಾಗೆ ಒಡೆದದ್ದನ್ನು ಆಮ್ಲಗಳಾಗಿಸುತ್ತವೆ. ಮೂರನೆಯವು ಆ ಆಮ್ಲಗಳನ್ನು ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್‌ಗೆ ಇಳಿಸುತ್ತವೆ. ಕೊನೆಗೆ ಮೀಥೇನ್‌ಜನಕ ಜೀವಿಗಳು ಇವನ್ನು ತಿಂದು ಮೀಥೇನ್ ಬಿಡುತ್ತವೆ. ಮೊದಲಿನವು ಗಂಟೆಗಳಲ್ಲಿ ಇಮ್ಮಡಿಯಾದರೆ ಕೊನೆಯವಕ್ಕೆ ದಿನಗಳೇ ಬೇಕು. ಒಮ್ಮೆಲೇ ಹೆಚ್ಚು ತುಂಬಿದ ಗುಂಡಿ ಹುಳಿಯಾಗುವುದು ಈ ಅಂತರದಿಂದಲೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ ದನದ ಹೆಂಡಿಯ ಜೊತೆಗೆ ಜೋಳದ ಕಣಿಕಿ, ಗೋವಿನಜೋಳದ ದಂಟು, ಕಬ್ಬಿನ ರವದಿ, ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ ಸಿಗುತ್ತವೆ. ದಿನಕ್ಕೆ ಸುಮಾರು 50 ಕಿಲೋ ಹೆಂಡಿ ಹಾಕಿದರೆ 2 ಘನ ಮೀಟರ್ ಅನಿಲ ಬರುತ್ತದೆ. ಒಂದು ಘನ ಮೀಟರ್ ಅನಿಲ 0.43 ಕಿಲೋ ಎಲ್‌ಪಿಜಿಗೆ ಸಮ. ಹಾಗಾಗಿ ಈ ಅಳತೆಯ ಸ್ಥಾವರ 16–17 ದಿನಗಳಲ್ಲಿ ಒಂದು ಸಿಲಿಂಡರ್‌ನಷ್ಟು ಕೊಡುತ್ತದೆ. ಈ ಅನಿಲದಲ್ಲಿ ಮೀಥೇನ್ ನೂರಕ್ಕೆ 50ರಿಂದ 65 ಭಾಗ. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್.

ಇಳುವರಿ ಕುಸಿದಾಗ ಮೊದಲು ನೋಡಬೇಕಾದದ್ದು ಶಾಖ ಮತ್ತು ಹುಳಿ. ಮೀಥೇನ್‌ಜನಕಗಳಿಗೆ ಹಿಡಿಸುವುದು 30ರಿಂದ 40 ಡಿಗ್ರಿ. 20ಕ್ಕಿಂತ ಕೆಳಗೆ ಕೆಲಸ ತೀರಾ ನಿಧಾನ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಗ್ಯಾಸ್ ಕಡಿಮೆಯಾಗುವುದು ಇದಕ್ಕಾಗಿ. ಗುಂಡಿಯ ಸುತ್ತ ರವದಿ ಹೊದಿಸಿ, ಬಿಸಿಲಲ್ಲಿ ಕಾದ ನೀರಿನಲ್ಲಿ ಹೆಂಡಿ ಕಲಸಿದರೆ ಕೊಂಚ ಸುಧಾರಿಸುತ್ತದೆ. ರಸಸಾರ 6.8ರಿಂದ 7.4ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಕೆಲ ದಿನ ತುಂಬುವುದನ್ನು ನಿಲ್ಲಿಸಿ, ಬಳಿಕ ತಾಜಾ ಹೆಂಡಿಯನ್ನಷ್ಟೇ ಸ್ವಲ್ಪ ಸ್ವಲ್ಪ ಹಾಕಬೇಕು. ಸುಣ್ಣದ ನೀರು ಉಪಯೋಗಕ್ಕೆ ಬರುತ್ತದೆ, ಆದರೆ ಹೆಚ್ಚಾದರೆ ತಳದಲ್ಲಿ ಗಟ್ಟಿ ಗಸಿ ಕೂರುತ್ತದೆ. ಫಿನೈಲ್, ಸೋಪಿನ ನೀರು, ಮೈಲುತುತ್ತ, ಔಷಧಿ ಹಾಕಿಸಿದ ದನದ ಹೆಂಡಿ ಗುಂಡಿಗೆ ಸೇರಕೂಡದು.

ಸೂಕ್ಷ್ಮಜೀವಿಗಳ ವಿಷಯದಲ್ಲಿ ಹೆಂಡಿಯ ಸ್ಥಾವರಕ್ಕೆ ಬಾಟಲಿಯ ಕಲ್ಚರ್ ಸಾಮಾನ್ಯವಾಗಿ ದಂಡದ ಖರ್ಚು. ದನದ ಹೊಟ್ಟೆಯಲ್ಲಿರುವ ಜೀವಿಗಳು ಹೆಂಡಿಯ ಜೊತೆಗೇ ದಿನಾಲೂ ಬರುತ್ತವೆ. ಹೊಸ ಗುಂಡಿಗೆ ಚೆನ್ನಾಗಿ ನಡೆಯುತ್ತಿರುವ ಸ್ಥಾವರದ ಸ್ಲರಿಯನ್ನು ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಬೆರೆಸುವುದೇ ಒಳ್ಳೆಯ ಹೆಪ್ಪು. ಹೊರಗಿನ ಜೀವಿಗಳು ಉಪಯೋಗಕ್ಕೆ ಬರುವುದು ನಾರು ಹೆಚ್ಚಿದ್ದಾಗ. ಕಣಿಕಿ, ದಂಟಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ ತೀರಾ ಹೆಚ್ಚು. ಗುಂಡಿಗೆ ಬೇಕಾದ ಅನುಪಾತ ಒಂದು ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ. ಹಾಗಾಗಿ ಕಣಿಕಿ, ದಂಟನ್ನು ಬೆರಳಗಲದ ಚೂರು ಮಾಡಿ, ಸ್ಲರಿಯಲ್ಲಿ ಕೆಲ ದಿನ ನೆನೆಸಿ, ಹೆಂಡಿಯೊಂದಿಗೆ ಸಣ್ಣ ಪಾಲಿನಲ್ಲಿ ಹಾಕಬೇಕು. ಇಡೀ ದಂಟು ಹಾಕಿದರೆ ಮೇಲೆ ತೇಲಿ ಪದರ ಕಟ್ಟುತ್ತದೆ. ಆ ಪದರ ಒಡೆಯಲು ಗುಮ್ಮಟದ ದೀನಬಂಧು ಸ್ಥಾವರಕ್ಕಿಂತ ತೇಲುವ ಡ್ರಮ್ಮಿನದು ಸುಲಭ.

ಖನಿಜಗಳ ಲೆಕ್ಕ ಬೇರೆ. ಮೀಥೇನ್‌ಜನಕಗಳ ಕಿಣ್ವಗಳಿಗೆ ಕಬ್ಬಿಣ, ನಿಕಲ್, ಕೋಬಾಲ್ಟ್ ಬೇಕೇ ಬೇಕು. ಮೀಥೇನ್ ತಯಾರಾಗುವ ಕೊನೆಯ ಹೆಜ್ಜೆಯ ಸಹಕಿಣ್ವದ ನಡುವೆಯೇ ನಿಕಲ್ ಕೂತಿದೆ. ಬಿ12 ಜೀವಸತ್ವದ ನಡುವೆ ಕೋಬಾಲ್ಟ್. ಹೆಂಡಿಯಲ್ಲಿ ಇವೆಲ್ಲ ಸಾಕಷ್ಟಿರುತ್ತವೆ. ಕೊರತೆ ಕಾಣುವುದು ಗೋವಿನಜೋಳ, ಅಡುಗೆ ಮನೆಯ ಕಸದಂಥ ಒಂದೇ ವಸ್ತುವನ್ನು ತಿಂಗಳುಗಟ್ಟಲೆ ತುಂಬಿದಾಗ. ಆಗಲೂ ಅರ್ಧಕ್ಕರ್ಧ ಹೆಂಡಿ ಬೆರೆಸುವುದು ಅಗ್ಗದ ಮದ್ದು. ನಿಕಲ್, ಕೋಬಾಲ್ಟ್ ಲವಣಗಳು ಬೇಕಾಗುವುದು ಲೀಟರಿಗೆ ಮಿಲಿಗ್ರಾಂಗಿಂತ ಕಡಿಮೆ. ಮೀರಿದರೆ ಅವೇ ವಿಷ. ಅವು ಸ್ಲರಿಯೊಂದಿಗೆ ಹೊಲಕ್ಕೂ ಹೋಗುವುದರಿಂದ ಕೈಯಂದಾಜಿನಲ್ಲಿ ಹಾಕುವಂತಿಲ್ಲ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಕಬ್ಬಿಣಕ್ಕೆ ಅಷ್ಟು ಭಯವಿಲ್ಲ, ಗಂಧಕ ಹಿಡಿಯಲೂ ಅದು ಉಪಯೋಗ. ಕಬ್ಬಿನ ರಸಕ್ಕೆ ಗಂಧಕದ ಹೊಗೆ ಹಾಯಿಸುವ ಕಾರ್ಖಾನೆಗಳ ಪ್ರೆಸ್ ಮಡ್‌ನಲ್ಲಿ ಗಂಧಕ ಹೆಚ್ಚಿರುತ್ತದೆ. ಅದರಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ಒಲೆ, ಕೊಳವೆ, ಎಂಜಿನ್ ತಿನ್ನುತ್ತದೆ, ಮೀಥೇನ್‌ಜನಕಗಳನ್ನೂ ಕುಗ್ಗಿಸುತ್ತದೆ. ಕಬ್ಬಿಣದ ಲವಣ ಈ ಗಂಧಕವನ್ನು ಹಿಡಿದು ಕಪ್ಪು ಗಸಿಯಾಗಿ ಕೂರಿಸುತ್ತದೆ. ಅನಿಲದ ಕೊಳವೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಪುಡಿಯ ಡಬ್ಬಿ ಕೂರಿಸುವುದು ಇದರ ಸರಳ ರೂಪ.

ಇತ್ತೀಚಿನ ಸಂಶೋಧನೆಯ ಗಮನ ಇದ್ದಿಲು ಪುಡಿ ಮತ್ತು ಮ್ಯಾಗ್ನೆಟೈಟ್ ಕಡೆಗಿದೆ. ಇವು ವಿದ್ಯುತ್ ಹರಿಯಬಿಡುವ ವಸ್ತುಗಳಾದ್ದರಿಂದ ಬ್ಯಾಕ್ಟೀರಿಯಾ ತಮ್ಮ ಎಲೆಕ್ಟ್ರಾನುಗಳನ್ನು ಹೈಡ್ರೋಜನ್ ಮೂಲಕವಲ್ಲದೆ ನೇರವಾಗಿ ಮೀಥೇನ್‌ಜನಕಗಳಿಗೆ ದಾಟಿಸಬಲ್ಲವು. ಇದ್ದಿಲಿನ ರಂಧ್ರಗಳು ಜೀವಿಗಳಿಗೆ ಆಸರೆಯೂ ಹೌದು. ಹತ್ತಿಕಟ್ಟಿಗೆ ಸುಟ್ಟ ಇದ್ದಿಲು ಈ ಭಾಗದಲ್ಲಿ ಖರ್ಚಿಲ್ಲದೆ ಸಿಗುವಂಥದ್ದು, ಹೊಲಕ್ಕೆ ಹೋದರೂ ಹಾನಿಯಿಲ್ಲ. ಬೂದಿ ಮಾತ್ರ ಬೆರೆಯಬಾರದು. ಕೋಳಿ ಗೊಬ್ಬರ ಹಾಕುವಲ್ಲಿ ಅಮೋನಿಯ ಹೀರಲು ಜಿಯೊಲೈಟ್, ಬೆಂಟೊನೈಟ್ ಜೇಡಿಯನ್ನೂ ಬಳಸುತ್ತಾರೆ. ಎರಿ ಹೊಲದ ಮಣ್ಣಲ್ಲೂ ಅದೇ ಬಗೆಯ ಜೇಡಿ ಇದೆ ಎಂದು ಗುಂಡಿಗೆ ಸುರಿದರೆ ತಳ ತುಂಬಿ ಸ್ಥಾವರದ ಅಳತೆಯೇ ಕಡಿಮೆಯಾಗುತ್ತದೆ.