ಮೋಟರಿನ ಗುಂಡಿ ಅಪ್ಪನ ಕೈಯಲ್ಲೇ ಇರಲಿ

ಗೋಕಾಕ ಫಾಲ್ಸ್ ಹತ್ತಿರ ನಮ್ಮದು ಮೂರು ಎಕರೆ ಹೊಲ. ಎರಡು ಎಕರೆ ಕಬ್ಬು, ಉಳಿದದ್ದು ಗೋವಿನಜೋಳ ಮತ್ತು ಬದನೆ. ಬಾವಿ ಮನೆಯಿಂದ ಮುಕ್ಕಾಲು ಕಿಲೋಮೀಟರು ದೂರ. ಅದರಲ್ಲಿ 5 ಎಚ್.ಪಿ. ಸಬ್‌ಮರ್ಸಿಬಲ್ ಮೋಟರು. ನೂರು ವರ್ಷಕ್ಕೂ ಹಿಂದೆ ಘಟಪ್ರಭೆಯ ನೀರಿನ ಬಲದಿಂದ ಗಿರಣಿ ಓಡಿಸಿದ ಊರು ನಮ್ಮದು. ಆದರೆ ಹೊಲದ ಮೂರು ಫೇಸ್ ಕರೆಂಟಿಗಾಗಿ ರಾತ್ರಿ ಎದ್ದು ಕೂಡ್ರುವುದು ನಮಗೆ ಇನ್ನೂ ತಪ್ಪಿಲ್ಲ.

ಹೋದ ವರ್ಷ ಬೇಸಿಗೆ ಸುರುವಿನಲ್ಲಿ ನಾನು ಹುಕ್ಕೇರಿಗೆ ಮದುವೆಗೆ ಹೋಗಿದ್ದೆ. ಅಪ್ಪನಿಗೆ 78 ವರ್ಷ. ರಾತ್ರಿ ಒಂದಕ್ಕೆ ಕರೆಂಟು ಬಂದಾಗ ಯಾರನ್ನೂ ಎಬ್ಬಿಸದೆ ಬ್ಯಾಟರಿ ಹಿಡಿದು ಹೊರಟುಬಿಟ್ಟರು. ಒಡ್ಡಿನ ಮೇಲೆ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಬೆಳಗಿನ ತನಕ ಬಾವಿಕಟ್ಟೆ ಮೇಲೆ ಕೂತಿದ್ದರು. ಮೋಟರ್ ಮಾತ್ರ ಚಾಲೂ ಮಾಡಿದ್ದರು! ಹಾವು ತುಳಿಯಲಿಲ್ಲ, ಬಾವಿಗೆ ಬೀಳಲಿಲ್ಲ ಎಂಬುದೇ ಸಮಾಧಾನ. ಆವಾಗ ನಾನು ಮೊಬೈಲಿನಿಂದ ಮೋಟರ್ ಚಾಲೂ ಮಾಡುವ ಪೆಟ್ಟಿಗೆಯ ಹಿಂದೆ ಬಿದ್ದೆ.

ಅಜ್ಜನಿಂದ ಹುಟ್ಟಿದ ಯಂತ್ರ

ಈ ಪೆಟ್ಟಿಗೆಯ ಹಿಂದೆ ಒಬ್ಬ ಮುದುಕನ ಕತೆಯಿದೆ. ಪುಣೆಯ ಸಂತೋಷ ಓಸ್ತವಾಲ ಎಂಬ ಇಂಜಿನಿಯರು ಓದುವ ಕಾಲದಲ್ಲಿ, 1981ರಲ್ಲಿ, 80 ದಾಟಿದ ತಮ್ಮ ಅಜ್ಜ ಪಂಪು ಚಾಲೂ ಮಾಡಲು ಕಿತ್ತಳೆ ತೋಟಕ್ಕೆ ದೂರ ನಡೆಯುವುದನ್ನು ಕಂಡರು. ಆ ನೋವಿನಿಂದಲೇ ಕೆಲಸ ಸುರುವಾಯಿತು. ಮೊಬೈಲ್ ಹಳ್ಳಿಗೆ ಬಂದ ಮೇಲೆ ಅವರ ಓಸಿಯನ್ ಕಂಪನಿಯ ‘ನ್ಯಾನೋ ಗಣೇಶ’ ರೈತರ ಕೈ ಸೇರಿತು. 2009ರಲ್ಲಿ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಸಿಕ್ಕಿತು. ನಮ್ಮ ಬೆಂಗಳೂರಿನಲ್ಲಿಯೂ ವಿನ್‌ಫಿನೆಟ್ ಎಂಬ ಹೊಸ ಕಂಪನಿ ‘ಕಿಸಾನ್ ರಾಜಾ’ ಎಂಬ ಇಂಥದೇ ಪೆಟ್ಟಿಗೆ ತಯಾರಿಸಿತು. ಈಗ ಹತ್ತಾರು ಹೆಸರಿನವು ಪೇಟೆಯಲ್ಲಿವೆ.

ಒಳಗೆ ನಡೆಯುವುದೇನು?

ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ನಾವು ಅದಕ್ಕೆ ಫೋನ್ ಮಾಡಿ ಅಂಕಿ ಒತ್ತಿದರೆ ಒಳಗಿನ ರಿಲೇ ಸ್ಟಾರ್ಟರಿನ ಹಸಿರು ಗುಂಡಿ ಒತ್ತುವ ಕೆಲಸ ಮಾಡುತ್ತದೆ. ಇನ್ನೊಂದು ಅಂಕಿಗೆ ಬಂದ್. ಒಳ್ಳೆಯ ಪೆಟ್ಟಿಗೆ ಮೊದಲು ಮೂರೂ ಫೇಸ್ ಇವೆಯೇ ಎಂದು ನೋಡುತ್ತದೆ. ಮೋಟರ್ ಎಳೆಯುವ ಆಂಪಿಯರನ್ನೂ ಅಳೆಯುತ್ತದೆ. ಬಾವಿ ಬರಿದಾದರೆ ಮೋಟರಿಗೆ ಹೊರೆ ಇಲ್ಲದೆ ಆಂಪಿಯರ್ ಇಳಿಯುತ್ತದೆ, ಪೆಟ್ಟಿಗೆ ಅದನ್ನು ಗುರುತಿಸಿ ಬಂದ್ ಮಾಡುತ್ತದೆ. ನಮ್ಮ ಮೋಟರು ನೀರಿದ್ದಾಗ 8 ಆಂಪಿಯರ್, ಇಲ್ಲದಾಗ 5ಕ್ಕಿಂತ ಕಡಿಮೆ. ನಿಮ್ಮದನ್ನು ಜೋಡಿಸುವವರಿಂದ ಅಳೆಸಿಯೇ ಗೆರೆ ಹಾಕಿಸಿರಿ.

ನಾನು ಮಾಡಿದ ಎರಡು ತಪ್ಪು

ಮೊದಲನೆಯದು, ಅಗ್ಗವೆಂದು ಒಂದು ಪೆಟ್ಟಿಗೆ ತಂದೆ. ಅದು ಉತ್ತರ ಕೊಡುತ್ತಿದ್ದುದು ಇಂಗ್ಲಿಷ್ ಸಂದೇಶದಲ್ಲಿ, ಇರುವೆಯಂಥ ಅಕ್ಷರದಲ್ಲಿ. ಅಪ್ಪ ಒಮ್ಮೆ ಕಣ್ಣಿಗೆ ಹಿಡಿದು ನೋಡಿ, “ತಮ್ಮಾ, ನೀರು ಬಂತೋ ಇಲ್ಲೋ ಇದು ಬಾಯಿ ಬಿಟ್ಟು ಹೇಳವಲ್ದು” ಎಂದು ಫೋನ್ ಕೆಳಗಿಟ್ಟರು. ಎರಡು ತಿಂಗಳಿಗೆ ಅದು ಮೂಕಾಯಿತು. ಮಾರಿದವರು ಬರಲಿಲ್ಲ. ಆಮೇಲೆ ಕನ್ನಡದಲ್ಲಿ ಮಾತಾಡುವ ಇನ್ನೊಂದು ತಂದೆ.

ಎರಡನೆಯದು ದೊಡ್ಡ ತಪ್ಪು. ಅದಕ್ಕೆ ನನ್ನ ನಂಬರ್ ಒಂದನ್ನೇ ಕೊಟ್ಟೆ. ಅಪ್ಪನಿಗೆ ವಿಶ್ರಾಂತಿ ಸಿಗಲಿ ಅಂತ. ಅಪ್ಪ ಪಡಸಾಲೆಯಲ್ಲಿ ಸುಮ್ಮನೆ ಕೂಡ್ರತೊಡಗಿದರು. ಊಟ ಕಡಿಮೆಯಾಯಿತು. ಒಂದು ದಿನ ಅವ್ವನ ಮುಂದೆ, “ಇನ್ನ ಹೊಲದಾಗ ನನ್ನ ಕೆಲಸ ಮುಗೀತು” ಅಂದದ್ದು ನನ್ನ ಕಿವಿಗೆ ಬಿತ್ತು. ಐವತ್ತು ವರ್ಷ ಯಾವ ಮಡಿಗೆ ಎಷ್ಟು ನೀರು ಎಂದು ಲೆಕ್ಕ ಹಿಡಿದವರು ಅವರು. ನಾನು ಅವರ ಕಾಲಿನ ನಡಿಗೆ ಉಳಿಸಲು ಹೋಗಿ ಕೈಯಿಂದ ಯಜಮಾನಿಕೆಯನ್ನೇ ಕಸಿದಿದ್ದೆ.

ಮರುದಿನವೇ ಅಪ್ಪನ ಗುಂಡಿಯ ಫೋನಿನ ನಂಬರನ್ನು ಪೆಟ್ಟಿಗೆಗೆ ಸೇರಿಸಿದೆ. 2ನ್ನು ಒತ್ತಿ ಹಿಡಿದರೆ ಮೋಟರಿಗೆ ಕರೆ ಹೋಗುವಂತೆ ಮಾಡಿ, ಆ ಗುಂಡಿಗೆ ಉಗುರಿನ ಕೆಂಪು ಬಣ್ಣ ಹಚ್ಚಿದೆವು. ಮಗಳು ಅಜ್ಜನ ಪಕ್ಕ ಕೂತು ನಾಲ್ಕು ದಿನ ರೂಢಿ ಮಾಡಿಸಿದಳು. ಈಗ ರಾತ್ರಿ ಮೋಟರ್ ಅಪ್ಪನದು, ಹಾಸಿಗೆಯಿಂದಲೇ.

ಕೊಳ್ಳುವ ಮೊದಲು

1. ಮನೆಯ ಹಿರಿಯರನ್ನು ಅಂಗಡಿಗೆ ಕರೆದೊಯ್ಯಿರಿ. ಅವರೇ ಮೂರು ಸಲ ಚಾಲೂ-ಬಂದ್ ಮಾಡಿ ನೋಡಲಿ. ಆಗದಿದ್ದರೆ ಆ ಪೆಟ್ಟಿಗೆ ಬೇಡ.

2. ಕನ್ನಡದಲ್ಲಿ ಮಾತಾಡಬೇಕು. ಸ್ಮಾರ್ಟ್‌ಫೋನ್ ಇಲ್ಲದೆಯೂ ನಡೆಯಬೇಕು.

3. ಬಾವಿಯ ಹತ್ತಿರ ಯಾವ ಸಿಮ್ಮಿಗೆ ಸಿಗ್ನಲ್ ಇದೆ, ನೋಡಿರಿ. ಪೆಟ್ಟಿಗೆ 2ಜಿಯದೋ 4ಜಿಯದೋ ಕೇಳಿರಿ. 4ಜಿ ಮಾತ್ರ ಇರುವ ಕಂಪನಿಯ ಸಿಮ್ 2ಜಿ ಪೆಟ್ಟಿಗೆಯಲ್ಲಿ ನಡೆಯದು. ರೀಚಾರ್ಜ್ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

4. ದಾಖಲಾದ ನಂಬರಿಗೆ ಮಾತ್ರ ಉತ್ತರ ಕೊಡಬೇಕು.

5. ಬಾವಿಯ ದಡದ ಮೋನೊಬ್ಲಾಕ್ ಪಂಪಿನವರು ಮೊದಲು ಫುಟ್‌ವಾಲ್ವ್ ಸರಿಪಡಿಸಿರಿ. ಅದು ಸೋರಿದರೆ ಪೈಪು ಬರಿದಾಗಿ ಪಂಪು ನೀರೆತ್ತದು, ದೂರದಿಂದ ನಮಗೆ ಕಾಣದು.

6. ಕೆಟ್ಟರೆ ಬಂದು ನೋಡುವವರು ತಾಲೂಕಿನಲ್ಲಿ ಇದ್ದಾರೆಯೇ? ಬೆಲೆಗಿಂತ ಇದು ಮುಖ್ಯ.

ಎರಡು ಎಚ್ಚರಿಕೆ

ಮೋಟರ್ ಬಳಿ ಯಾರಾದರೂ ರಿಪೇರಿ ಮಾಡುವಾಗ ಮನೆಯಿಂದ ಇನ್ನೊಬ್ಬರು ಚಾಲೂ ಮಾಡಿದರೆ ಜೀವಕ್ಕೇ ಅಪಾಯ. ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಕೈಹಾಕಬೇಕು. ಇನ್ನು, ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ‘ಆಟೋ’ ಇಡಬೇಡಿರಿ. ಎಲ್ಲರ ಮೋಟರೂ ಒಂದೇ ಗಳಿಗೆಗೆ ಎದ್ದರೆ ಟಿ.ಸಿ. ಸುಟ್ಟು ಇಡೀ ಹಳ್ಳಿಯ ಬೆಳೆ ಒಣಗುತ್ತದೆ.

ಪೆಟ್ಟಿಗೆ ಒಡ್ಡು ಒಡೆದದ್ದನ್ನು ಹೇಳುವುದಿಲ್ಲ, ಇಲಿಬಿಲದಲ್ಲಿ ನೀರು ಸೋರುವುದನ್ನೂ ಹೇಳುವುದಿಲ್ಲ. ಆ ಕೆಲಸ ಈಗಲೂ ಅಪ್ಪನದೇ. ಬಿಸಿಲೇರುವ ಮುನ್ನ ಕೋಲು ಹಿಡಿದು ಹೋಗಿ, ರಾತ್ರಿ ಹರಿದ ನೀರು ಎಲ್ಲಿ ಮುಟ್ಟಿದೆ ಎಂದು ನೋಡಿ ಬರುತ್ತಾರೆ. ಬಂದವರೇ ನನಗೆ ಹೇಳುತ್ತಾರೆ: “ಮೂಡಣ ಮಡಿ ಅರ್ಧ ಉಳದೈತಿ. ಇವತ್ತ ರಾತ್ರಿ ಮತ್ತ ಒಂದ ತಾಸ ಬಿಡ್ತೀನಿ.”