ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಏನೇನು ನೋಡಬೇಕು?

ಪ್ರಶ್ನೆ: ನಮ್ಮದು ನಾಲ್ಕು ಜನರ ಸಂಸಾರ. ತಿಂಗಳಿಗೆ ಐದಾರು ನೂರು ಕಿಲೋಮೀಟರ್ ಓಡಾಟ. ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರು ಕೊಳ್ಳಬೇಕೆಂದಿದ್ದೇವೆ. ಸುರಕ್ಷಿತವಾಗಿರಬೇಕು, ಖರ್ಚೂ ಕಡಿಮೆಯಿರಬೇಕು. ಡಿಕ್ಕಿ ಪರೀಕ್ಷೆಯ ಸ್ಟಾರ್ ನೋಡಿ ಆರಿಸಿದರೆ ಸಾಕೇ?
– ಓದುಗರೊಬ್ಬರು, ಹಾಸನ

ಉತ್ತರ: ದುಡ್ಡು ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸುರಕ್ಷತೆ, ಉಳಿತಾಯ ಎರಡೂ ಒಂದೇ ಕಾರಿನಲ್ಲಿ ಸಿಗುತ್ತವೆಯೇ ಎಂಬುದು ನಿಮ್ಮ ಅನುಮಾನ. ಸಿಗುತ್ತವೆ. ಒಂದು ಕ್ರಮದಲ್ಲಿ ನೋಡುತ್ತಾ ಹೋಗಿ.

1. ತಯಾರಾದ ತಿಂಗಳು: ಇದು ನೋಂದಣಿ ಪತ್ರದಲ್ಲೇ (ಆರ್‌ಸಿ) ಇರುತ್ತದೆ, ನೋಂದಣಿಯ ದಿನಾಂಕ ಬೇರೆ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದೇ ವರ್ಷ ಜುಲೈನಿಂದ ಚಾಲಕರ ಏರ್‌ಬ್ಯಾಗ್, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2022ರ ಜನವರಿಯಿಂದ. ಆಮೇಲೆ ತಯಾರಾದದ್ದಾದರೆ ಬೇಸ್ ಮಾಡೆಲ್‌ನಲ್ಲೂ ಇವೆಲ್ಲ ಇರುತ್ತವೆ. ಬಜೆಟ್ ಸಾಲದಿದ್ದರೆ 2019ರ ಜುಲೈ ನಂತರದ, ಎರಡು ಏರ್‌ಬ್ಯಾಗ್ ಇರುವ ಕಾರನ್ನು ಹುಡುಕಿ.

2. ಸ್ಟಾರ್: ಇಲ್ಲಿ ಅನೇಕರಿಗೆ ಗೊಂದಲವಾಗುತ್ತದೆ, ಸಹಜ. ಸ್ಟಾರ್ ಸಿಗುವುದು ಕಾರಿನ ಹೆಸರಿಗಲ್ಲ, ಪರೀಕ್ಷೆಗೆ ಒಳಪಟ್ಟ ಆ ಮಾದರಿಗೆ. 2014ರಲ್ಲಿ ಕಾರುಗಳ ಡಿಕ್ಕಿ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪರೀಕ್ಷಿಸಿದಾಗ ಏರ್‌ಬ್ಯಾಗ್ ಇಲ್ಲದ ಫೋಕ್ಸ್‌ವ್ಯಾಗನ್ ಪೋಲೊಗೆ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು. ಹಾಗೆಂದು ಏರ್‌ಬ್ಯಾಗ್ ಒಂದೇ ಸಾಲದು. ಅದೇ ಸುತ್ತಿನಲ್ಲಿ ಆಲ್ಟೊ 800, ನ್ಯಾನೊ, ಐ10 ಕಾರುಗಳ ಚೌಕಟ್ಟೇ ಡಿಕ್ಕಿ ತಡೆಯದೆ ಕುಸಿದಿತ್ತು. ಆದ್ದರಿಂದ ನೀವು ನೋಡುತ್ತಿರುವ ಕಾರಿನ ವರ್ಷ, ಏರ್‌ಬ್ಯಾಗ್ ಸಂಖ್ಯೆ ಎರಡೂ ಪರೀಕ್ಷೆಯಾದ ಕಾರಿಗೆ ಹೊಂದಬೇಕು.

3. ಖರ್ಚು: ನಿಮ್ಮ ಓಡಾಟಕ್ಕೆ ಪೆಟ್ರೋಲ್ ಕಾರೇ ಲೇಸು. ಡೀಸೆಲ್ ಮೈಲೇಜ್ ಹೆಚ್ಚು ಕೊಟ್ಟರೂ ಇಷ್ಟು ಕಡಿಮೆ ಓಡಾಟದಲ್ಲಿ ಆ ಉಳಿತಾಯ ರಿಪೇರಿಗೇ ಹೋಗಬಹುದು. ಟೈರ್‌ನ ಪಕ್ಕದಲ್ಲಿ ಅಚ್ಚೊತ್ತಿರುವ ಕೊನೆಯ ನಾಲ್ಕು ಅಂಕಿ ಓದಿ: 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಹಳೆಯದಾಗಿದ್ದರೆ ನಾಲ್ಕು ಹೊಸ ಟೈರ್‌ಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಚೌಕಾಸಿ ಮಾಡಿ.

4. ಕಾರಿನ ತಪಾಸಣೆ: ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತಲೇ ಇಲ್ಲವಾದರೆ ಯಾರೋ ದೀಪವನ್ನೇ ಕಿತ್ತಿರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಬುಡದಲ್ಲಿ ಕೆಸರಿನ ಕಲೆಯಿದ್ದರೆ ನೆರೆ ನೀರಿನಲ್ಲಿ ನಿಂತ ಕಾರಿರಬಹುದು. ಮೀಟರ್ ಕಡಿಮೆ ತೋರಿಸುತ್ತಿದ್ದು ಪೆಡಲ್ ರಬ್ಬರ್ ಸವೆದಿದ್ದರೆ ಸರ್ವಿಸ್ ದಾಖಲೆ ಕೇಳಿ. ಕೊನೆಗೆ ನಿಮ್ಮ ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ, ಮಾರುವವರು ಕರೆತಂದವರಿಗಲ್ಲ.

5. ಕಾಗದಪತ್ರ: ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ, ಫಾರಂ 35 ಬೇಕು. ಬಾಕಿ ದಂಡವನ್ನು ಪರಿವಾಹನ್ ತಾಣದಲ್ಲಿ ನೋಡಬಹುದು. ಫಾರಂ 29, 30ಕ್ಕೆ ಸಹಿ ಮಾಡಿಸಿಕೊಂಡು ಆರ್‌ಟಿಒದಲ್ಲಿ ನಿಮ್ಮ ಹೆಸರಿಗೆ ಮಾಡಿಸಿ. ವಿಮೆಯನ್ನೂ 14 ದಿನದೊಳಗೆ ವರ್ಗಾಯಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲವಾದ್ದರಿಂದ ಪ್ರೀಮಿಯಂ ಸ್ವಲ್ಪ ಏರಬಹುದು, ಗಾಬರಿಯಾಗಬೇಡಿ.

ಒಂದೇ ಬೆಲೆಗೆ ಎರಡು ಕಾರು ಸಿಕ್ಕಿ, ಒಂದರಲ್ಲಿ ಅಲಾಯ್ ವೀಲ್, ಟಚ್ ಸ್ಕ್ರೀನ್, ಇನ್ನೊಂದರಲ್ಲಿ ಎರಡು ಏರ್‌ಬ್ಯಾಗ್ ಇದ್ದರೆ ಎರಡನೆಯದನ್ನೇ ಆರಿಸಿ. ಟಚ್ ಸ್ಕ್ರೀನ್ ಮುಂದೆ ಯಾವಾಗಲಾದರೂ ಹಾಕಿಸಬಹುದು, ಏರ್‌ಬ್ಯಾಗ್ ಹಾಗಲ್ಲ.