ಹೊಸ ದೋಣಿ ಕೊಳ್ಳುವ ಮುನ್ನ

ನಾವು ಕರಾವಳಿಯ ಹೆಂಗಸರು. ಕಾರವಾರದಿಂದ ಉಳ್ಳಾಲದವರೆಗೆ ನಮ್ಮವರು ಇದ್ದಾರೆ. ದಡಕ್ಕೆ ಬಂದ ಮೀನು ಕೊಳ್ಳುತ್ತೇವೆ. ಬುಟ್ಟಿ ಹೊತ್ತು ಮನೆಮನೆಗೆ ಹೋಗಿ ಮಾರುತ್ತೇವೆ. ಮೀನು ಒಣಗಿಸುತ್ತೇವೆ. ಅಳಿವೆಯಲ್ಲಿ ಚಿಪ್ಪುಮೀನು ಹೆಕ್ಕುತ್ತೇವೆ. ದುಡಿಮೆ ನಮ್ಮದು. ಆದರೆ ದೋಣಿ ಯಾರದು?

"ನಮಗೂ ಒಂದು ಸ್ವಂತ ದೋಣಿ ಬೇಕು" ಎಂದು ಎಷ್ಟೋ ಮನೆಗಳಲ್ಲಿ ಆಸೆ ಇದೆ. ಆಸೆ ಒಳ್ಳೆಯದೇ. ಆದರೆ ದೋಣಿ ಎಂದರೆ ಸೀರೆ ಅಲ್ಲ. ಬಣ್ಣ ನೋಡಿ ಕೊಳ್ಳುವ ಹಾಗಿಲ್ಲ. ಅದು ಮನೆಯವರ ಜೀವ ಹೊತ್ತು ನೀರಿಗೆ ಹೋಗುತ್ತದೆ. ಸಾಲವನ್ನೂ ಹೊತ್ತು ಬರುತ್ತದೆ. ಆದ್ದರಿಂದ ನೋಡಿ ಕೊಳ್ಳೋಣ. ಲೆಕ್ಕ ಹಾಕಿ ಕೊಳ್ಳೋಣ. ಓದಿ ಕೊಳ್ಳೋಣ.

1. ದೋಣಿ ಯಾವ ಕೆಲಸಕ್ಕೆ?

ಮೊದಲು ಈ ಪ್ರಶ್ನೆ ಕೇಳೋಣ. ಹೊಳೆಯಲ್ಲೇ ಬಲೆ ಬಿಡುವುದೋ? ಅಳಿವೆ ದಾಟಿ ಕಡಲಿಗೆ ಹೋಗುವುದೋ? ಎಷ್ಟು ಜನ ಹೋಗುತ್ತಾರೆ? ಬಲೆಯ ಭಾರ ಎಷ್ಟು?

ಹೊಳೆಯ ನೀರು ಆಳ ಕಡಿಮೆ. ಅಲ್ಲಿ ಚಪ್ಪಟೆ ಅಡಿಯ ಸಣ್ಣ ದೋಣಿ ಚೆನ್ನಾಗಿ ಸಾಗುತ್ತದೆ. ಕಡಲಿನಲ್ಲಿ ಅಲೆ ಇದೆ. ಅಲ್ಲಿಗೆ ಅಲೆಯನ್ನು ಸೀಳುವ ಚೂಪು ಮುಖ ಬೇಕು. ಬದಿ ಎತ್ತರ ಇರಬೇಕು. ಹೊಳೆಯ ದೋಣಿಯನ್ನು ಕಡಲಿಗೆ ಒಯ್ದರೆ ಅಪಾಯ.

2. ಮರವೋ ಫೈಬರೋ?

ಹಿಂದೆ ನಾಡದೋಣಿಗಳೆಲ್ಲ ಮರದವು. ಈಗ ಹೆಚ್ಚಿನವು ಫೈಬರ್ ದೋಣಿಗಳು. ಮರದ ದೋಣಿಗೆ ಹುಳ ಹಿಡಿಯುತ್ತದೆ. ಆಗಾಗ ಎಣ್ಣೆ ಹಚ್ಚಬೇಕು. ಸಂದು ಬಿಟ್ಟರೆ ತುಂಬಿಸಬೇಕು. ಫೈಬರಿಗೆ ಹುಳ ಹಿಡಿಯುವುದಿಲ್ಲ. ಅದು ಹಗುರ. ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ. ಬಿರುಕನ್ನು ಹಾಗೇ ಬಿಟ್ಟರೆ ನೀರು ಒಳಗೆ ಹೋಗಿ ದೋಣಿ ಹಾಳಾಗುತ್ತದೆ.

ಫೈಬರ್ ದೋಣಿ ನೋಡಲು ಹೋದಾಗ ಹೀಗೆ ಮಾಡೋಣ:

ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡೋಣ. ಎಲ್ಲ ಕಡೆ ಒಂದೇ ಗಟ್ಟಿ ಸದ್ದು ಬರಬೇಕು. ಒಂದು ಕಡೆ ಮಾತ್ರ ಪೊಳ್ಳು ಸದ್ದು ಬಂದರೆ ಒಳಪದರ ಬಿಟ್ಟಿರಬಹುದು.

ಒಳಗೆ ಕೈಯಾಡಿಸೋಣ. ಗುಳ್ಳೆ, ಬಿರುಕು, ಹೊರಗೆ ಚಾಚಿದ ನೂಲು ಇರಬಾರದು.

ಇಂಜಿನು ಕೂರಿಸುವ ಹಿಂಬದಿಯ ಹಲಗೆ ಗಟ್ಟಿ ಇದೆಯೇ ನೋಡೋಣ. ಇಂಜಿನಿನ ಭಾರ, ಅದುರು ಎಲ್ಲ ಅದರ ಮೇಲೆ.

ದೋಣಿಯಲ್ಲಿ ಫೋಮ್ ತುಂಬಿದ ಮುಚ್ಚಿದ ಗೂಡು ಇದೆಯೇ ಕೇಳೋಣ. ನೀರು ತುಂಬಿದರೂ ದೋಣಿ ಮುಳುಗದೆ ತೇಲಲು ಅದು ಬೇಕು. ಹಿಡಿದುಕೊಳ್ಳಲು ಏನಾದರೂ ಇದ್ದರೆ ಜೀವ ಉಳಿಯುತ್ತದೆ.

3. ಇಂಜಿನು

ದೊಡ್ಡ ಇಂಜಿನು ಇದ್ದರೆ ವೇಗ ಹೆಚ್ಚು. ಎಣ್ಣೆ ಖರ್ಚೂ ಹೆಚ್ಚು. ದೋಣಿಗೆ ಎಷ್ಟು ಎಚ್‌ಪಿ ಇಂಜಿನು ತಡೆಯುತ್ತದೆ ಎಂದು ದೋಣಿ ಕಟ್ಟುವವರ ಹತ್ತಿರ ಕೇಳೋಣ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಅದು ಮೀನು ಮರಿ ಹಾಕುವ ಕಾಲ. ಇತ್ತೀಚಿನ ವರ್ಷಗಳ ಆದೇಶಗಳಲ್ಲಿ 10 ಎಚ್‌ಪಿವರೆಗಿನ ಇಂಜಿನಿನ ನಾಡದೋಣಿಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಇಂಜಿನು ಆರಿಸುವಾಗ ಈ ಮಾತು ನೆನಪಿರಲಿ.

ಊರಿನ ಹತ್ತಿರ ರಿಪೇರಿ ಮಾಡುವವರು ಇದ್ದಾರೆಯೇ? ಬಿಡಿಭಾಗ ಸಿಗುತ್ತದೆಯೇ? ಇಲ್ಲದಿದ್ದರೆ ಸಣ್ಣ ಕೆಡುಕಿಗೂ ದೋಣಿ ದಡದಲ್ಲೇ ಕೂರುತ್ತದೆ. ಉಪ್ಪುನೀರಿನಿಂದ ಬಂದ ಇಂಜಿನನ್ನು ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ಇಲ್ಲವಾದರೆ ಉಪ್ಪು ಕಟ್ಟಿ, ತುಕ್ಕು ತಿನ್ನುತ್ತದೆ.

4. ಹಣ ಎಲ್ಲಿಂದ?

ದೋಣಿಯ ಬೆಲೆ ಎಂದರೆ ದೋಣಿಯದು ಮಾತ್ರ ಅಲ್ಲ. ಇಂಜಿನು, ಬಲೆ, ಹಗ್ಗ, ಲಂಗರು, ಲೈಫ್ ಜಾಕೆಟ್, ವಿಮೆ, ನೋಂದಣಿ ಎಲ್ಲ ಸೇರಬೇಕು. ಮೊದಲ ತಿಂಗಳ ಎಣ್ಣೆಗೂ ಸ್ವಲ್ಪ ಹಣ ಕೈಯಲ್ಲಿ ಇರಬೇಕು.

ಕೆಲವರು ಬಂದು ಹೇಳ್ತಾರೆ: "ಅಕ್ಕ, ಸಾಲಕ್ಕೆ ಯಾಕೆ ಅಲೆಯುತ್ತೀರಿ? ನಾನು 50,000 ರೂಪಾಯಿ ಕೊಡ್ತೇನೆ. ಬಡ್ಡಿ ಬೇಡ. ಹಿಡಿದ ಮೀನು ನನಗೇ ಕೊಡಿ. ಪೇಟೆ ದರಕ್ಕಿಂತ ಕಿಲೋಗೆ 10 ರೂಪಾಯಿ ಕಡಿಮೆ ಮಾಡಿ, ಸಾಕು."

ಬಡ್ಡಿ ಇಲ್ಲ ಎಂದರೆ ಒಳ್ಳೆಯದೇ ಅಲ್ಲವೇ? ಲೆಕ್ಕ ಹಾಕಿ ನೋಡೋಣ.

ದಿನಕ್ಕೆ 30 ಕಿಲೋ ಮೀನು ಎಂದು ಇಟ್ಟುಕೊಳ್ಳೋಣ.
ತಿಂಗಳಿಗೆ 20 ದಿನ ಹೋದರೆ 600 ಕಿಲೋ.
ಕಿಲೋಗೆ 10 ರೂಪಾಯಿಯಂತೆ ತಿಂಗಳಿಗೆ ನಷ್ಟ 6,000 ರೂಪಾಯಿ.
9 ತಿಂಗಳಿಗೆ ನಷ್ಟ 54,000 ರೂಪಾಯಿ.

ಪಡೆದದ್ದು 50,000. ಒಂದೇ ವರ್ಷದಲ್ಲಿ ಹೋದದ್ದು 54,000. ಆದರೂ ಅಸಲು ಹಾಗೇ ಇದೆ! ಬರುವ ವರ್ಷವೂ ಮೀನು ಅವರಿಗೇ. ದೋಣಿ ನಮ್ಮ ಹೆಸರಿನಲ್ಲಿ, ಮೀನು ಅವರ ಕೈಯಲ್ಲಿ.

"ನೂರಕ್ಕೆ ಎರಡು ರೂಪಾಯಿ ಬಡ್ಡಿ" ಎಂಬ ಮಾತೂ ಹಾಗೆಯೇ. ಕೇಳಲು ಸಣ್ಣದು. ಅದು ತಿಂಗಳಿಗೋ ವರ್ಷಕ್ಕೋ ಕೇಳಬೇಕು. ತಿಂಗಳಿಗಾದರೆ ವರ್ಷಕ್ಕೆ ನೂರಕ್ಕೆ 24 ರೂಪಾಯಿ ಆಯಿತು. ಬ್ಯಾಂಕು, ಸಹಕಾರ ಸಂಘ, ನಮ್ಮ ಮಹಿಳಾ ಸಂಘ ಎಲ್ಲ ಕಡೆ ಬಡ್ಡಿ ಕೇಳಿ, ಹೋಲಿಸಿ ನೋಡೋಣ. ಮಳೆಗಾಲದಲ್ಲಿ ಸಂಪಾದನೆ ಕಡಿಮೆ. ಆ ತಿಂಗಳುಗಳ ಕಂತು ಹೇಗೆ ಕಟ್ಟುವುದು ಎಂದು ಮೊದಲೇ ಮಾತಾಡೋಣ.

ಸರಕಾರದ ಸಹಾಯಧನವನ್ನೂ ವಿಚಾರಿಸೋಣ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ನಿಯಮದಲ್ಲಿ, ವ್ಯಕ್ತಿಗಳಿಗೆ ಸಹಾಯ ಸಾಮಾನ್ಯ ವರ್ಗಕ್ಕೆ ನೂರಕ್ಕೆ 40ರಂತೆ ಇತ್ತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ನೂರಕ್ಕೆ 60ರಂತೆ ಇತ್ತು. ಈ ಲೆಕ್ಕ ಸರಕಾರ ಗೊತ್ತು ಮಾಡಿದ ಬೆಲೆಯ ಮೇಲೆ, ಅಂಗಡಿಯವರು ಹೇಳಿದ ಬೆಲೆಯ ಮೇಲಲ್ಲ. ಈ ವರ್ಷ ಯಾವ ಯೋಜನೆ ಇದೆ, ಯಾರಿಗೆ ಇದೆ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳೋಣ. ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಮುಂಗಡ ಕೊಡುವುದು ಬೇಡ.

5. ಕಾಗದಗಳು

ಬಿಲ್ಲಿನಲ್ಲಿ ಯಾರ ಹೆಸರಿದೆ? ಇದನ್ನು ಮೊದಲು ಓದೋಣ. ನಾವು ಸಾಲ ತೀರಿಸುವವರಾದರೆ ದೋಣಿಯಲ್ಲಿ ನಮ್ಮ ಹೆಸರೂ ಇರಬೇಕು. ಇಂಜಿನಿನ ಮೇಲೆ ಕೊರೆದ ನಂಬರೂ ಬಿಲ್ಲಿನ ನಂಬರೂ ಒಂದೇ ಇರಬೇಕು. ವಾರಂಟಿ ಕಾರ್ಡಿನಲ್ಲಿ ತಾರೀಕು, ಸೀಲು, ಸಹಿ ಇರಬೇಕು.

ದೋಣಿಗೆ ನೋಂದಣಿ ಬೇಕು. ಮೀನು ಹಿಡಿಯಲು ಲೈಸೆನ್ಸ್ ಬೇಕು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆಗೆ 1986ರ ಕಾಯಿದೆ ಇದೆ. ನೋಂದಣಿ ನಂಬರನ್ನು ದೋಣಿಯ ಮೇಲೆ ಕಾಣುವಂತೆ ಬರೆಸಬೇಕು.

ಖಾಲಿ ಕಾಗದಕ್ಕೆ ಸಹಿ ಹಾಕುವುದು ಬೇಡ. "ಆಮೇಲೆ ತುಂಬಿಸ್ತೇವೆ" ಎಂದರೆ, "ತುಂಬಿಸಿ ಕೊಡಿ, ಓದಿ ಸಹಿ ಹಾಕ್ತೇವೆ" ಎನ್ನೋಣ. ನಿಧಾನ ಓದಿದರೆ ನಾಚಿಕೆ ಇಲ್ಲ. ಓದದೆ ಸಹಿ ಹಾಕಿದರೆ ನಷ್ಟ ನಮಗೆ.

6. ಜೀವ ಮೊದಲು

ರಜೆಯಲ್ಲಿ ಪ್ರವಾಸಿಗರು ಬರುತ್ತಾರೆ. "ಮೀನಿಲ್ಲದ ದಿನ ಜನರನ್ನು ಸುತ್ತಾಡಿಸಿದರೆ ನಾಲ್ಕು ಕಾಸು ಬರುತ್ತದಲ್ಲ" ಎಂದು ಅನಿಸುತ್ತದೆ. ಆದರೆ ಮೀನಿನ ಲೈಸೆನ್ಸಿನಲ್ಲಿ ಬಾಡಿಗೆಗೆ ಜನರನ್ನು ಒಯ್ಯುವಂತಿಲ್ಲ. ಅದಕ್ಕೆ ಬೇರೆ ಅನುಮತಿ ಬೇಕು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ಜನ ಮರಳುತ್ತಿದ್ದರು. ದೋಣಿಯಲ್ಲಿ ಮಕ್ಕಳೂ ಸೇರಿ 30ಕ್ಕಿಂತ ಹೆಚ್ಚು ಜನ ಇದ್ದರು. ದೋಣಿ ಮಗುಚಿತು. 16 ಜನ ಸತ್ತರು. ದಡ ಕಾಣುತ್ತಿದ್ದರೂ ನೀರು ನೀರೇ.

ದೋಣಿಯಲ್ಲಿ ಎಷ್ಟು ಜನವೋ ಅಷ್ಟು ಲೈಫ್ ಜಾಕೆಟ್ ಬೇಕು. ಮೂಲೆಯಲ್ಲಿ ಇಟ್ಟರೆ ಆಗದು, ಮೈಮೇಲೆ ಇರಬೇಕು. ಹುಟ್ಟು, ಟಾರ್ಚು, ನೀರು ಚೆಲ್ಲುವ ಪಾತ್ರೆ ಇರಲಿ. ಹವಾಮಾನದ ಎಚ್ಚರಿಕೆ ಕೇಳಿಯೇ ಹೊರಡಲಿ. ಅಪಾಯವಾದರೆ ಕೋಸ್ಟ್ ಗಾರ್ಡಿನ ನಂಬರು 1554. ಇದನ್ನು ಮನೆಯ ಗೋಡೆಯ ಮೇಲೆ ಬರೆಯೋಣ. ದೋಣಿಯ ಒಳಗೂ ಬರೆಯೋಣ. ಬರೆಯಲು ಈಗ ನಮಗೆ ಬರುತ್ತದೆ.

ಓದಿ, ಉತ್ತರಿಸಿ

1. ಕಡಲಿಗೆ ಹೋಗುವ ದೋಣಿ ಹೇಗಿರಬೇಕು?
2. ಫೈಬರ್ ದೋಣಿಯನ್ನು ತಟ್ಟಿ ನೋಡುವುದು ಏಕೆ?
3. ಇಂಜಿನಿನ ಬಿಲ್ಲಿನಲ್ಲಿ ಏನೇನು ನೋಡಬೇಕು?

ಲೆಕ್ಕ ಮಾಡಿ

ಒಬ್ಬರು 40,000 ರೂಪಾಯಿ ಮುಂಗಡ ಪಡೆದರು. ಕಿಲೋಗೆ 8 ರೂಪಾಯಿ ಕಡಿಮೆಗೆ ಮೀನು ಕೊಟ್ಟರು. ತಿಂಗಳಿಗೆ 500 ಕಿಲೋ ಮೀನು ಸಿಕ್ಕಿತು. 10 ತಿಂಗಳಲ್ಲಿ ಆದ ನಷ್ಟ ಎಷ್ಟು? ಅಸಲು ಎಷ್ಟು ಉಳಿಯಿತು?

ಮಾತಾಡೋಣ

ನಮ್ಮ ಊರಿನಲ್ಲಿ ಎಷ್ಟು ದೋಣಿಗಳು ಹೆಂಗಸರ ಹೆಸರಿನಲ್ಲಿ ಇವೆ? ಸಂಘದ ಸಭೆಯಲ್ಲಿ ಕೇಳಿ, ಎಣಿಸಿ, ಬರೆಯಿರಿ.